ಜಮೀನಿಲ್ಲದವನಿಗೆ ತಕರಾರಿನ ಹಕ್ಕುಂಟೆ? ಥರ್ಲ್‌ಮಿಯರ್ ಸರೋವರದ ಕತೆ

ಇಂಗ್ಲೆಂಡಿನ ವಾಯವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟ್ ನಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆಲ್ಲ ವರ್ಡ್ಸ್‌ವರ್ತ್‌ನ ಸೀಮೆಯಾಗಿ ಪರಿಚಿತ. ಅಲ್ಲಿ ಗ್ರಾಸ್ಮಿಯರ್‌ನಿಂದ ಕೆಸ್ವಿಕ್ ಊರಿಗೆ ಹೋಗುವ ದಾರಿಯಲ್ಲಿ, ಹೆಲ್ವೆಲಿನ್ ಬೆಟ್ಟದ ಬುಡದಲ್ಲಿ ಥರ್ಲ್‌ಮಿಯರ್ ಎಂಬ ಸರೋವರವಿದೆ. 1870ರ ದಶಕದಲ್ಲಿ ಅದು ಉದ್ದನೆಯ, ಸಣ್ಣ ಸರೋವರ. ನಡುವೆ ಅದರ ಸೊಂಟ ಎಷ್ಟು ಕಿರಿದಾಗಿತ್ತೆಂದರೆ ಅಲ್ಲೊಂದು ಹಳೆಯ ಕಾಲುಸೇತುವೆಯಿತ್ತು. ದಂಡೆಯಲ್ಲಿ ವೈತ್‌ಬರ್ನ್, ಆರ್ಮ್‌ಬಾತ್ ಎಂಬ ಪುಟ್ಟ ಊರುಗಳು, ಒಂದು ಸಣ್ಣ ಚರ್ಚು, ದಾರಿಹೋಕರ ತಂಗುಮನೆ, ಕುರಿ ಸಾಕುವ ರೈತರ ಮನೆಗಳು. ಇಷ್ಟೇ ಅಲ್ಲಿನ ಪ್ರಪಂಚ.

ಮ್ಯಾಂಚೆಸ್ಟರ್ ನಗರಪಾಲಿಕೆಯ ಕಣ್ಣು ಈ ಸರೋವರದ ಮೇಲೆ ಬಿತ್ತು. ಹತ್ತಿಗಿರಣಿಗಳ ಆ ನಗರ ಲಾಂಗ್‌ಡೆಂಡೇಲ್ ಕಣಿವೆಯಲ್ಲಿ ಸಾಲು ಜಲಾಶಯಗಳನ್ನು ಕಟ್ಟಿಕೊಂಡಿತ್ತು. ಆ ಕೆಲಸ 1877ರಲ್ಲಿ ಮುಗಿಯುವ ಹೊತ್ತಿಗೇ ಆ ನೀರೂ ಮುಂದೆ ಸಾಲದೆಂಬ ಲೆಕ್ಕ ಬಂತು. ಎಂಜಿನಿಯರ್ ಜಾನ್ ಬೇಟ್‌ಮನ್ ಕೊಟ್ಟ ಯೋಜನೆ ಹೀಗಿತ್ತು: ಥರ್ಲ್‌ಮಿಯರ್‌ನ ಬಾಯಿಗೆ ಕಟ್ಟೆ ಕಟ್ಟಿ ನೀರಿನ ಮಟ್ಟವನ್ನು ಸುಮಾರು 50 ಅಡಿ ಏರಿಸುವುದು; ಅಲ್ಲಿಂದ 96 ಮೈಲಿ ದೂರದ ನಗರಕ್ಕೆ ಪಂಪುಗಳಿಲ್ಲದೆ, ಇಳಿಜಾರಿನ ಬಲದಿಂದಲೇ ದಿನಕ್ಕೆ 5 ಕೋಟಿ ಗ್ಯಾಲನ್‌ವರೆಗೆ ನೀರು ಹರಿಸುವುದು.

1877ರ ಸೆಪ್ಟೆಂಬರಿನಲ್ಲಿ ಗ್ರಾಸ್ಮಿಯರ್‌ನಲ್ಲಿ ಸಭೆ ಸೇರಿತು, ಥರ್ಲ್‌ಮಿಯರ್ ರಕ್ಷಣಾ ಸಂಘ ಹುಟ್ಟಿತು. ಕೆಂಡಾಲ್ ಊರಿನ ಪಾದರಕ್ಷೆ ವ್ಯಾಪಾರಿಗಳ ಮನೆತನದ ರಾಬರ್ಟ್ ಸಾಮರ್‌ವೆಲ್ ಕರಪತ್ರ ಬರೆದರು. ರಸ್ಕಿನ್, ಕಾರ್ಲೈಲ್, ಆಕ್ಟೇವಿಯಾ ಹಿಲ್ ಅಂಥವರ ಬೆಂಬಲ ಒದಗಿತು. ಬೇಸಿಗೆಯಲ್ಲಿ ನೀರಿಳಿದಾಗ ಸುತ್ತ ಕೆಸರಿನ ಅಂಚು ಬಿಟ್ಟು ಇನ್ನೇನು ಉಳಿಯುತ್ತದೆ, ಕಟ್ಟೆ ಒಡೆದರೆ ಕೆಳಗಿನ ಕಣಿವೆಯ ಗತಿಯೇನು, ನಗರಕ್ಕೆ ಇಷ್ಟು ನೀರು ನಿಜಕ್ಕೂ ಬೇಕೇ ಎಂದು ಅವರು ಕೇಳಿದರು.

ನಗರಪಾಲಿಕೆಯ ಉತ್ತರವೂ ಹಗುರವಾಗಿರಲಿಲ್ಲ. ಲಕ್ಷಾಂತರ ದುಡಿಯುವ ಜನರಿಗೆ ಶುದ್ಧ ನೀರು ಬೇಕು. ಅದಕ್ಕೆ ಅಡ್ಡ ಬರುವವರು ಹೊಟ್ಟೆ ತುಂಬಿದ ಭಾವುಕರು. ದೊಡ್ಡದಾದ ಸರೋವರ ಇನ್ನಷ್ಟು ಚೆನ್ನಾಗಿಯೇ ಕಾಣುತ್ತದೆ ಎಂಬ ವಾದವೂ ಬಂತು. ಮ್ಯಾಂಚೆಸ್ಟರಿನ ಬಿಷಪ್ ಜೇಮ್ಸ್ ಫ್ರೇಜರ್ ಅವರಿಗಂತೂ ದೇವರು ಈ ಸರೋವರವನ್ನು ಆ ನಗರಕ್ಕೆಂದೇ ಮಾಡಿಟ್ಟಂತೆ ಕಂಡಿತು.

ವಿರೋಧಿಗಳ ಹೆಗಲ ಮೇಲೆ ಹಳೆಯ ಹೊರೆಯೊಂದಿತ್ತು. 1844ರಲ್ಲಿ ವಿಂಡರ್‌ಮಿಯರ್‌ವರೆಗೆ ರೈಲು ಬರುವ ಪ್ರಸ್ತಾಪವನ್ನು ವರ್ಡ್ಸ್‌ವರ್ತ್ ಪತ್ರಿಕೆಗೆ ಕಾಗದ ಬರೆದು ವಿರೋಧಿಸಿದ್ದ. ಗಿರಣಿ ಕೆಲಸಗಾರರು ಗುಂಪುಗುಂಪಾಗಿ ಬಂದರೆ ಈ ಸೀಮೆಯ ಸೊಗಸನ್ನು ಅವರೂ ಸವಿಯಲಾರರು, ಇದ್ದವರಿಗೂ ಉಳಿಯದು ಎಂಬ ಧಾಟಿ ಆ ಕಾಗದಗಳಲ್ಲಿದೆ. ಅದೇ ಕವಿ ಮೊದಲು ಬರೆದ ಸರೋವರ ಸೀಮೆಯ ಕೈಪಿಡಿಯಲ್ಲಿ, ನೋಡುವ ಕಣ್ಣೂ ಸವಿಯುವ ಮನಸ್ಸೂ ಇರುವ ಎಲ್ಲರಿಗೂ ಈ ನೆಲದಲ್ಲಿ ಹಕ್ಕಿದೆ ಎಂಬ ಭಾವವಿತ್ತು. ರಕ್ಷಣಾ ಸಂಘಕ್ಕೆ ಈ ಎರಡೂ ಬಳುವಳಿಯಾಗಿ ಬಂದವು.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳಿರುವುದು ಸೌಂದರ್ಯದ ಚರ್ಚೆಗಿಂತ ಹೆಚ್ಚಾಗಿ ಸಂಸತ್ತಿನ ಒಂದು ಒಣ ನಿಯಮದಲ್ಲಿ. ಇಂಥ ಯೋಜನೆಗಳಿಗೆ ಸಂಸತ್ತಿನಲ್ಲಿ ಪ್ರತ್ಯೇಕ ಮಸೂದೆ ಬೇಕಿತ್ತು. ಅದರ ವಿರುದ್ಧ ಸಮಿತಿಯ ಮುಂದೆ ನಿಲ್ಲಬೇಕಾದರೆ, ಸಾಮಾನ್ಯವಾಗಿ, ನಿಮ್ಮ ಸ್ವತ್ತಿಗೆ ನೇರ ಧಕ್ಕೆಯಾಗಬೇಕು. ಬೆಟ್ಟವನ್ನು ಪ್ರೀತಿಸುವವನಿಗೆ ಅಲ್ಲಿ ಕುರ್ಚಿಯಿಲ್ಲ. 1878ರಲ್ಲಿ ಥರ್ಲ್‌ಮಿಯರ್ ಮಸೂದೆ ಬಂದಾಗ ಮಾತ್ರ ಕೆಳಮನೆ ಅದನ್ನು ವಿಶೇಷ ಸಮಿತಿಗೆ ಒಪ್ಪಿಸಿ, ವಿಚಾರಣೆಯ ವ್ಯಾಪ್ತಿಯನ್ನು ಹಿಗ್ಗಿಸಿತು. ಲಯನ್ ಪ್ಲೇಫೇರ್ ಅಧ್ಯಕ್ಷತೆಯ ಆ ಸಮಿತಿಯ ಮುಂದೆ ಸರೋವರದ ಚೆಲುವಿನ ಪ್ರಶ್ನೆಯೂ ವಾದಕ್ಕೆ ಬಂತು. ಒಂದು ನೆಲದ ಮೇಲೆ ಅದರ ಒಡೆಯನಲ್ಲದವರಿಗೂ ಆಸಕ್ತಿ ಇರಬಹುದೆಂದು ಸಂಸತ್ತು ಅರೆಮನಸ್ಸಿನಿಂದಾದರೂ ಒಪ್ಪಿದ ಸಂದರ್ಭವಿದು.

ಒಪ್ಪಿದ್ದು ಕೇಳುವುದಕ್ಕೆ ಮಾತ್ರ. ಸಮಿತಿ ಯೋಜನೆಯ ಪರ ನಿಂತಿತು. ನಿಯಮಾವಳಿಯ ತೊಡಕಿನಿಂದ ಆ ವರ್ಷ ಮಸೂದೆ ಬಿದ್ದುಹೋದರೂ 1879ರಲ್ಲಿ ಕಾಯ್ದೆಯಾಯಿತು. ಸುತ್ತಣ ಬೆಟ್ಟಗಳಲ್ಲಿ ಜನ ಮೊದಲಿನಿಂದ ಓಡಾಡಿಕೊಂಡಿದ್ದಂತೆ ಮುಂದೆಯೂ ಓಡಾಡಬಹುದೆಂಬ ರಕ್ಷಣೆ ಅದರಲ್ಲಿ ಸೇರಿತು. 1894ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿಗೆ ನೀರು ಬಂತು. ಯೋಜನೆಯನ್ನು ವಿರೋಧಿಸಿದ್ದ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿಯೇ ಸರೋವರದ ದಂಡೆಯ ಉದ್ಘಾಟನೆಯಲ್ಲಿ ಪ್ರಾರ್ಥನೆ ಸಲ್ಲಿಸಿದರು. ಇದನ್ನು ಶರಣಾಗತಿ ಎನ್ನುವ ಮೊದಲು ಮುಂದಿನದನ್ನು ನೋಡಬೇಕು. ಮೂರು ತಿಂಗಳಲ್ಲಿ, 1895ರ ಜನವರಿಯಲ್ಲಿ, ರಾನ್ಸ್‌ಲಿ, ಆಕ್ಟೇವಿಯಾ ಹಿಲ್ ಮತ್ತು ವಕೀಲ ರಾಬರ್ಟ್ ಹಂಟರ್ ಸೇರಿ ನ್ಯಾಷನಲ್ ಟ್ರಸ್ಟ್ ಕಟ್ಟಿದರು. ಒಡೆಯನ ಮಾತೇ ನಡೆಯುವುದಾದರೆ ಸಾರ್ವಜನಿಕರೇ ಒಡೆಯರಾಗಲಿ ಎಂಬುದು ಅವರ ದಾರಿ. 1902ರಲ್ಲಿ ಡರ್ವೆಂಟ್‌ವಾಟರ್ ಸರೋವರದ ದಂಡೆಯ ಬ್ರಾಂಡಲ್‌ಹೌ ಕಾಡನ್ನು ಜನರಿಂದ ಚಂದಾ ಎತ್ತಿಯೇ ಕೊಂಡರು.

ಹಾಗಾದರೆ ವೈತ್‌ಬರ್ನ್‌ನ ಗೇಣಿ ರೈತ? ಅವನಿಗೆ ಮಾರಲು ಜಮೀನಿರಲಿಲ್ಲ. ಒಡೆಯ ಮಾರಿದರೆ ಅವನ ನಂಟು ಅಲ್ಲಿಗೆ ಕಡಿಯಿತು. ಅವನು ಕವಿಯೂ ಅಲ್ಲ, ಪ್ರವಾಸಿಯೂ ಅಲ್ಲ. ನಗರಪಾಲಿಕೆಯ ವಾದದಲ್ಲಿ ಬಡವನೆಂದರೆ ಮ್ಯಾಂಚೆಸ್ಟರಿನ ಬಡವ. ಸಂಘದ ವಾದದಲ್ಲಿ ಸರೋವರವೆಂದರೆ ನೋಡುವವರ ಸರೋವರ. ಅಲ್ಲೇ ಇದ್ದು ಕುರಿ ಕಾಯುವವನು ಇವೆರಡರ ಸಂದಿಯಲ್ಲಿ ಬಿದ್ದುಹೋದ.

ಉಳಿದದ್ದೇನೆಂದು ನೋಡಿದರೆ ಈ ಸಂದಿ ಇನ್ನೂ ಸ್ಪಷ್ಟವಾಗುತ್ತದೆ. ದಾರಿಬದಿಯಲ್ಲೊಂದು ಬಂಡೆಯಿತ್ತು. ವರ್ಡ್ಸ್‌ವರ್ತ್, ಅವನ ತಂಗಿ ಡಾರತಿ, ತಮ್ಮ ಜಾನ್, ಕೋಲ್‌ರಿಜ್, ಮೇರಿ ಮತ್ತು ಸಾರಾ ಹಚಿನ್ಸನ್ ತಮ್ಮ ಹೆಸರಿನ ಮೊದಲಕ್ಷರಗಳನ್ನು ಅದರ ಮೇಲೆ ಕೆತ್ತಿದ್ದರು. ಯೋಜನೆಯ ಕೆಲಸದಲ್ಲಿ ಅದು ಒಡೆದಾಗ ರಾನ್ಸ್‌ಲಿ ದಂಪತಿ ಚೂರುಗಳನ್ನು ಆಯ್ದು ಜೋಪಾನ ಮಾಡಿದರು; ಇಂದು ಅವು ಗ್ರಾಸ್ಮಿಯರ್‌ನಲ್ಲಿ ಕವಿಯ ಮನೆಯ ಹಿಂದಿವೆ. ವೈತ್‌ಬರ್ನ್‌ನಲ್ಲಿ ಚರ್ಚು ನಿಂತಿದೆ, ಅದರ ಸುತ್ತಲಿನ ಊರಿಲ್ಲ.

ನಮಗೂ ಈ ನಿಯಮ ಹೊಸದಲ್ಲ. ಮ್ಯಾಂಚೆಸ್ಟರಿಗೆ ನೀರು ಹರಿದ ಅದೇ 1894ರಲ್ಲಿ ಬ್ರಿಟಿಷ್ ಭಾರತದಲ್ಲಿ ಭೂಸ್ವಾಧೀನ ಕಾಯ್ದೆ ಬಂತು. ಅದರ ಕಣ್ಣಿಗೆ ‘ಹಿತಾಸಕ್ತಿ ಉಳ್ಳವನು’ ಎಂದರೆ ಪರಿಹಾರದಲ್ಲಿ ಪಾಲು ಕೇಳಬಲ್ಲವನು. ಯೋಜನೆಯೇ ಬೇಡ ಎಂದು ತಕರಾರು ಸಲ್ಲಿಸಿ ಅಹವಾಲು ಹೇಳಿಕೊಳ್ಳುವ ಅವಕಾಶ ಅದಕ್ಕೆ ಸೇರಿದ್ದು 1923ರ ತಿದ್ದುಪಡಿಯಲ್ಲಿ, ಅದೂ ಅಂಥವನಿಗೇ. ಜಮೀನಿಲ್ಲದಿದ್ದರೂ ಅದನ್ನೇ ನಂಬಿ ಬದುಕುವ ಗೇಣಿದಾರ, ಕೂಲಿಯಾಳು, ಕುಶಲಕರ್ಮಿಗಳ ಮನೆಗಳೂ ಬಾಧಿತ ಕುಟುಂಬಗಳೆಂದು ಕಾನೂನು ಎಣಿಸಿದ್ದು 2013ರ ಹೊಸ ಕಾಯ್ದೆಯಲ್ಲಿ. ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಕಣಿವೆ ಮುಳುಗಿ ಆಗ ಅರ್ಧ ಶತಮಾನವೇ ಆಗುತ್ತ ಬಂದಿತ್ತು. ನಾ. ಡಿಸೋಜ ಅವರ ‘ದ್ವೀಪ’ ಓದಿದವರಿಗೆ ಆ ವಿಳಂಬದ ಬೆಲೆ ಗೊತ್ತು.

ಥರ್ಲ್‌ಮಿಯರ್‌ನ ನೀರು ಇಂದಿಗೂ ಮ್ಯಾಂಚೆಸ್ಟರಿಗೆ ಹೋಗುತ್ತದೆ. ನಗರಕ್ಕೆ ನೀರು ಬೇಕಿದ್ದದ್ದು ಸುಳ್ಳಲ್ಲ, ಸರೋವರ ಸುಂದರವಾಗಿದ್ದದ್ದೂ ಸುಳ್ಳಲ್ಲ. ಆದರೆ ಇಂಥ ವಿವಾದಗಳನ್ನು ಓದುವಾಗ ಯಾರ ವಾದ ಗೆದ್ದಿತು ಎಂದು ಕೇಳುವ ಮೊದಲು, ವಾದ ಮಾಡಲು ಯಾರನ್ನು ಒಳಗೆ ಬಿಟ್ಟಿದ್ದರು ಎಂದು ಕೇಳಬೇಕು. ಮುಳುಗಿದ ಊರುಗಳ ಚರಿತ್ರೆ ಬಹುಪಾಲು ಆ ಬಾಗಿಲ ಹೊರಗೇ ನಿಂತಿರುತ್ತದೆ.