ಅರಗಿನ ಹುಳು

ಅರಗಿನ ಮನೆಯ ಕಥೆಯನ್ನು ಅರಿಯದ ಕನ್ನಡಿಗರು ಅಪರೂಪ. ವಾರಣಾವತದಲ್ಲಿ ಪುರೋಚನನು ಅದನ್ನು ಕಟ್ಟಿಸಿದ್ದು, ವಿದುರನ ಎಚ್ಚರಿಕೆಯಿಂದ ಪಾಂಡವರು ಸುರಂಗದ ದಾರಿ ಹಿಡಿದದ್ದು, ಎಲ್ಲವೂ ನಮಗೆ ಕಂಠಪಾಠ. ನಾನೂ ಹಲವು ವರ್ಷ ಆ ಪ್ರಸಂಗವನ್ನು ತರಗತಿಯಲ್ಲಿ ಪಾಠ ಹೇಳಿದವನು. ಅಷ್ಟೊಂದು ಅರಗು ಎಲ್ಲಿಂದ ಬಂತೆಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಅದು ಮರದ ಅಂಟೆಂದೇ ಬಹುಮಂದಿಯ ಎಣಿಕೆ. ಅರಗು ಮರ ಸುರಿಸುವುದಲ್ಲ, ಹುಳು ಸ್ರವಿಸುವುದು.

ಆ ಹುಳುವಿಗೆ ಮೈಸೂರು ಸೀಮೆಯಲ್ಲಿ ಮುಖ್ಯ ಆಸರೆ ಜಾಲಾರಿ ಮರ. ತುಮಕೂರಿಗೆ ಸಮೀಪದ ದೇವರಾಯನದುರ್ಗದ ಕಾಡಿನಲ್ಲಿ ಈ ಮರವುಂಟು. ಗುಬ್ಬಿ, ಕುಣಿಗಲ್ ಸೀಮೆಗಳಿಗೆ ನೀರುಣಿಸುವ ಶಿಂಷೆ ಹುಟ್ಟುವುದೂ ಆ ಬೆಟ್ಟಗಳಲ್ಲಿಯೇ. ಹಿಂದಿನ ಸಸ್ಯವಿಜ್ಞಾನಿಗಳು ಜಾಲಾರಿಗೆ ‘ಲಕ್ಸಿಫೆರಾ’, ಎಂದರೆ ಅರಗನ್ನು ಹೊರುವುದು, ಎಂದು ಹೆಸರಿಟ್ಟಿದ್ದರು.

ಮರಿಹುಳು ಅರ್ಧ ಮಿಲಿಮೀಟರಿನಷ್ಟು, ಬಣ್ಣ ಕೆಂಪು. ಎಳೆಯ ಕೊಂಬೆಯೊಂದನ್ನು ಆರಿಸಿ, ಸೂಜಿಯಂಥ ಬಾಯನ್ನು ತೊಗಟೆಯೊಳಗೆ ಇಳಿಸಿ, ರಸ ಹೀರತೊಡಗುತ್ತದೆ. ಮೈಯಿಂದ ರಾಳ ಒಸರಿ ಸುತ್ತಲೂ ಗಟ್ಟಿಯಾಗುತ್ತದೆ. ಹೆಣ್ಣು ಮತ್ತೆ ಅಲ್ಲಿಂದ ಕದಲುವುದಿಲ್ಲ. ಕಾಲುಗಳನ್ನೂ ಕಳೆದುಕೊಂಡು, ತಾನೇ ಕಟ್ಟಿಕೊಂಡ ಅರಗಿನ ಮನೆಯಲ್ಲಿ ಬಾಳಿ, ಮರಿಗಳನ್ನು ಹೊರಬಿಟ್ಟು ಸಾಯುತ್ತದೆ. ಅದಕ್ಕೆ ಸುರಂಗವಿಲ್ಲ. ಅಕ್ಕಪಕ್ಕದ ಸಾವಿರಾರು ಹುಳುಗಳ ರಾಳ ಕೂಡಿ ಕೊಂಬೆಗೆ ಹೊರಪೊರೆಯಾಗುತ್ತದೆ. ಅದನ್ನು ಕೆರೆದು, ತೊಳೆದು, ಕರಗಿಸಿ ಸೋಸಿದರೆ ಅಂಗಡಿಯ ಅರಗು. ಲಕ್ಷವೆಂಬ ಸಂಖ್ಯೆಗೂ ‘ಲಾಕ್ಷಾ’ ಎಂಬ ಸಂಸ್ಕೃತ ಹೆಸರಿಗೂ ನಂಟು ಕಟ್ಟುವವರಿದ್ದಾರೆ. ಆ ವ್ಯುತ್ಪತ್ತಿ ಸೊಗಸಾಗಿದೆ, ನನಗೆ ಒಪ್ಪಿಗೆಯಿಲ್ಲ.

ಈ ಹುಳುವಿನ ವಿಚಾರವನ್ನು 1781ರಲ್ಲಿ ಜೇಮ್ಸ್ ಕೆರ್ ಎಂಬವನು ಲಂಡನ್ನಿನ ವಿದ್ವಾಂಸರಿಗೆ ಬರೆದು ತಿಳಿಸಿದನು. ಅದರ ಕುಲಕ್ಕೆ ಇಂದು ‘ಕೆರಿಯಾ’ ಎಂದೇ ಹೆಸರು. ಜಾಲಾರಿಯ ಮೇಲಿನ ನಮ್ಮ ಹುಳು ಬೇರೆಯದೆಂದು ಗುರುತಿಸಿದವರು ಎಸ್. ಮಹ್ದಿಹಸನ್, 1923ರಲ್ಲಿ ಅವರ ಲೇಖನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪತ್ರಿಕೆ ಪ್ರಕಟಿಸಿತು. ಉತ್ತರದ ಅರಗಿನ ಹುಳು ವರ್ಷಕ್ಕೆ ಎರಡು ಬೆಳೆ ಕೊಟ್ಟರೆ ಇದು ಸುಮಾರು ಮೂರು ಕೊಡುತ್ತದೆ. ‘ಮೈಸೊರೆನ್ಸಿಸ್’ ಎಂದು ನಮ್ಮ ನಾಡಿನ ಹೆಸರನ್ನೇ ಹೊತ್ತಿದ್ದರೂ ನಾಡು ಇದನ್ನು ಅರಿಯದು.

ರೇಷ್ಮೆ ಹುಳುವಿನ ಭಾಗ್ಯವೇ ಬೇರೆ. ಅದು ಹೊರಗಿನಿಂದ ಬಂದದ್ದು. 1786ರಲ್ಲಿ ಟಿಪ್ಪು ಬಂಗಾಳದಿಂದ ಅದನ್ನು ತರಿಸುವ ಏರ್ಪಾಡು ಮಾಡಿದನು. ಮುಂದೆ ಸರ್ಕಾರ ಇಲಾಖೆಯನ್ನೇ ತೆರೆಯಿತು. ಕುಣಿಗಲ್ ಸೀಮೆ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾಯಿತು. ಅರಗಿನ ಹುಳುವಿಗೆ ಕಾಡಿನಲ್ಲಿ ಅಲೆದು ಕೊಂಬೆ ಮುರಿದು ತಂದವರ ಹೊರತು ಬೇರೆ ದಾತಾರರಿರಲಿಲ್ಲ, ಅವರ ಹೆಸರುಗಳೂ ಉಳಿದಿಲ್ಲ.

ಆದರೂ ನಮ್ಮ ಬಾಳಿನಲ್ಲಿ ಅದು ಸೇರದ ಎಡೆಯಿಲ್ಲ. ಹೆಂಗಳೆಯರ ಪಾದಕ್ಕೆ ಬಳಿದ ಅಲಕ್ತಕ ಈ ಹುಳುವಿನ ಕೆಂಪೇ; ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರಾಸಾಯನಿಕ ಬಣ್ಣಗಳು ಬಂದು ಅದನ್ನು ಮೂಲೆಗೊತ್ತಿದವು. ಅಂಚೆಯ ಲಕೋಟೆಗೆ ಅರಗಿನ ಮೊಹರು. ಚನ್ನಪಟ್ಟಣದ ಬೊಂಬೆಯ ಹೊಳಪು ಅರಗಿನದು. ಟೊಳ್ಳಾದ ಬಳೆ ನಜ್ಜುಗುಜ್ಜಾಗದಿರಲೆಂದು ಅಕ್ಕಸಾಲಿ ಒಳಗೆ ಅರಗು ತುಂಬುತ್ತಿದ್ದನು. ಕಷ್ಟಕಾಲಕ್ಕೆ ಬಳೆ ಮಾರಹೋದ ತಾಯಂದಿರು ಅರಗು ಕಳೆದ ಮೇಲೆ ಉಳಿದ ಚಿನ್ನದ ತೂಕ ಕಂಡು ಮುಖ ಬಾಡಿಸಿಕೊಂಡು ಬಂದದ್ದುಂಟು.

ಇನ್ನೊಂದನ್ನು ಗುಬ್ಬಿಯ ಕಡೆಯವರು ವಿಶೇಷವಾಗಿ ನೆನೆಯಬೇಕು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದಾಗ ಹಾಡು ಕೇಳಬೇಕೆಂದರೆ ನಾಟಕದ ಡೇರೆಗೇ ಹೋಗಬೇಕಿತ್ತು. 1908ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಯ ಕಾರ್ಖಾನೆ ತೆರೆದ ಮೇಲೆ ರಂಗಗೀತೆಗಳು ಮನೆಗೇ ಬಂದವು. ಕಲ್ಲಿನ ಪುಡಿ, ಕಾಡಿಗೆಗಳನ್ನು ಹಿಡಿದಿಟ್ಟು ಆ ತಟ್ಟೆಯನ್ನು ತಟ್ಟೆಯಾಗಿಸಿದ್ದು ಅರಗು. ಕೈಜಾರಿದರೆ ಹೆಂಚಿನಂತೆ ಒಡೆಯುತ್ತಿತ್ತು. ಮುಂದೆ ವಿನೈಲ್ ಬಂದು ಅದನ್ನೂ ತಳ್ಳಿತು. ಹಳೆಯ ತಟ್ಟೆಗಳನ್ನು ಕಾಪಾಡಿಕೊಂಡ ಕೆಲವು ಮನೆಗಳಲ್ಲಿ ಇಂದಿಗೂ ಮುಳ್ಳು ಇಳಿಸಿದರೆ, ತೀರಿಹೋದ ನಟರ ಕಂಠ ಆ ಹುಳುವಿನ ರಾಳದಿಂದಲೇ ಏಳುತ್ತದೆ.