ನೀರುಕಾಗೆಯ ಕೊರಳಿನ ಗಂಟು

ಜಪಾನಿನ ಗಿಫು ನಗರದ ನಾಗಾರಾ ನದಿಯಲ್ಲಿ ಬಲೆ, ಗಾಳ ಎರಡೂ ಇಲ್ಲದೆ ಮೀನು ಹಿಡಿಯುತ್ತಾರೆ. ಹಿಡಿದುಕೊಡುವುದು ನೀರುಕಾಗೆ! 'ಉಕಾಯಿ' ಎಂಬ ಈ ಪದ್ಧತಿ 1,300 ವರ್ಷ ಹಳೆಯದು. ರಾತ್ರಿ ದೋಣಿಯ ಮುಂದೆ ಬೆಂಕಿ ಉರಿಸುತ್ತಾರೆ. ಬೆಳಕಿಗೆ ಬೆದರಿ ಓಡುವ 'ಆಯು' ಮೀನನ್ನು ಹಕ್ಕಿ ಗಬಕ್ಕನೆ ಹಿಡಿಯುತ್ತದೆ. ಕೊರಳಿಗೆ ಕಟ್ಟಿದ ದಾರ ದೊಡ್ಡ ಮೀನನ್ನು ತಡೆದು ಸಣ್ಣದನ್ನಷ್ಟೇ ಹೊಟ್ಟೆಗೆ ಬಿಡುತ್ತದೆ. ಗಂಟು ಬಿಗಿಯಾದರೆ ಹಕ್ಕಿಗೆ ಉಪವಾಸ, ಸಡಿಲವಾದರೆ ಒಡೆಯನಿಗೆ. ಈ ಹದವನ್ನು ಮಗ ಅಪ್ಪನ ಕೈ ನೋಡಿಯೇ ಕಲಿಯಬೇಕು.

1868ರ ಬಳಿಕ ದೊರೆಗಳ ಆಶ್ರಯ ತಪ್ಪಿದ ಈ ಕಸುಬುದಾರರನ್ನು 1890ರಲ್ಲಿ ಚಕ್ರವರ್ತಿಯ ಅರಮನೆ ತನ್ನ ನೌಕರರನ್ನಾಗಿಸಿಕೊಂಡಿತು. ಈಗ ಪ್ರವಾಸಿಗರೂ ಆಸರೆ. ಆದರೆ ಆಯು ಮರಿ ಚಳಿಗಾಲ ಕಳೆಯುವುದು ಕಡಲಲ್ಲಿ. ನದೀಮುಖದ ಅಡ್ಡಗಟ್ಟೆಯ ಬಾಗಿಲುಗಳು 1995ರಲ್ಲಿ ಮುಚ್ಚಿದವು. ಮೀನು ಹತ್ತಿಬರಲು ಮೆಟ್ಟಿಲುಗಾಲುವೆ ಇದೆಯಾದರೂ ಅದು ಸಾಕೇ ಎಂಬ ಜಗಳ ಮುಗಿದಿಲ್ಲ.