‘19.20.21’: ಸಿನಿಮಾದ ಹಿಂದಿನ ಕೇಸು, ಕೇಸಿನ ಹಿಂದಿನ ಕಾನೂನು

ನಮ್ಮ ಬಾಗಲವಾಡದ ಕಡೆ ಒಬ್ಬ ಹುಡುಗನ್ನ ಪೊಲೀಸರು ಕರ್ಕೊಂಡು ಹೋದ್ರೆ ‘ಅವನ ಮ್ಯಾಲ ಕೇಸ್ ಆಗ್ಯದ’ ಅಂತಾರೆ. ಹತ್ತು ವರ್ಷ ಆದಮೇಲೂ ಅದೇ ಮಾತು. ಕೇಸು ಏನಾಯ್ತು, ಖುಲಾಸೆ ಆಯ್ತಾ ಅಂತ ಕೇಳೋರು ಕಡಿಮೆ. ಯಾರೂ ಕೇಳದ ಆ ಪ್ರಶ್ನೆಯನ್ನೇ ಕತೆ ಮಾಡಿದ ಕನ್ನಡ ಸಿನಿಮಾ ಮಂಸೋರೆ ನಿರ್ದೇಶನದ ‘19.20.21’. ‘ಹರಿವು’, ‘ನಾತಿಚರಾಮಿ’, ‘ಆಕ್ಟ್ 1978’ ಮಾಡಿದ ಅದೇ ಮಂಸೋರೆ. ಶೃಂಗ ಬಿ.ವಿ. ಇದರಲ್ಲಿ ಸುಳ್ಳು ಆರೋಪ ಹೊತ್ತ ಆದಿವಾಸಿ ಯುವಕ, ಬಾಲಾಜಿ ಮನೋಹರ್ ಅವನ ಪರ ವಾದಿಸುವ ವಕೀಲ.

ಸಿನಿಮಾ ತೆರೆಗೆ ಬಂದಿದ್ದು 2023ರ ಮಾರ್ಚ್ 3ರಂದು. ಅದಕ್ಕೆ ಸರಿಯಾಗಿ 11 ವರ್ಷ ಮೊದಲು, 2012ರ ಮಾರ್ಚ್ 3ರಂದು, ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನಲ್ಲಿ ನಕ್ಸಲ್ ನಿಗ್ರಹ ಪಡೆ ವಿಠಲ ಮಲೆಕುಡಿಯ ಮತ್ತು ಅವರ ತಂದೆಯನ್ನು ಬಂಧಿಸಿತ್ತು. ವಿಠಲ ಆಗ ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿ. ಕುತ್ಲೂರು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನೊಳಗಿನ ಊರು. ಅಲ್ಲಿನ ಮಲೆಕುಡಿಯರಿಗೆ ರಸ್ತೆ, ಕರೆಂಟು ಕೇಳೋದೇ ಒಂದು ಹೋರಾಟ. ಒಂದು ಕಡೆ ಒಕ್ಕಲೆಬ್ಬಿಸುವ ಒತ್ತಡ, ಇನ್ನೊಂದು ಕಡೆ ನಕ್ಸಲರ ಹೆಸರಲ್ಲಿ ಕೂಂಬಿಂಗ್.

ಅಪ್ಪ-ಮಗ ನಕ್ಸಲರಿಗೆ ನೆರವಾಗಿದ್ದಾರೆ ಅನ್ನೋದು ಆರೋಪ. ಹಾಕಿದ್ದು ರಾಜದ್ರೋಹ, ಕ್ರಿಮಿನಲ್ ಒಳಸಂಚು ಮತ್ತು ಯುಎಪಿಎ. ಸಿಕ್ಕ ಸಾಕ್ಷ್ಯ ಏನು ಗೊತ್ತಾ? ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಮೂಲಸೌಕರ್ಯ ಕೊಡುವ ತನಕ ಚುನಾವಣೆ ಬಹಿಷ್ಕರಿಸೋಣ ಎನ್ನುವ ಒಂದು ಪತ್ರ, ಜೊತೆಗೆ ಚಹಾಪುಡಿ, ಸಕ್ಕರೆಯಂಥವು. ಪತ್ರಿಕೋದ್ಯಮ ಓದೋ ಹುಡುಗನ ರೂಮಿನಲ್ಲಿ ಪತ್ರಿಕೆ ಸಿಗದೆ ಇನ್ನೇನು ಸಿಗಬೇಕಿತ್ತೋ!

ವಿಠಲ ಸುಮಾರು ನಾಲ್ಕು ತಿಂಗಳು ಜೈಲಿನಲ್ಲಿದ್ದರು. ಕೈಕೋಳದಲ್ಲೇ ಪರೀಕ್ಷೆಗೆ ಬಂದ ಅವರ ಫೋಟೊ ರಾಜ್ಯದ ತುಂಬ ಓಡಾಡಿತು. ವಿಚಾರಣಾಧೀನ ಕೈದಿಗೆ ರೂಢಿಯಂತೆ ಕೈಕೋಳ ಹಾಕಬಾರದು, ಹಾಕಲೇಬೇಕಾದರೆ ಕಾರಣ ಬರೆದಿಡಬೇಕು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ, ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ಹೇಳಿತ್ತು. 32 ವರ್ಷ ಆದರೂ ಆ ಮಾತು ಮಂಗಳೂರಿಗೆ ತಲುಪಿರಲಿಲ್ಲ.

ಹೊರಬಂದಿದ್ದು ಹೇಗೆ ಅನ್ನೋದನ್ನ ಗಮನಿಸಬೇಕು. ನಿರಪರಾಧಿ ಅಂತ ಒಪ್ಪಿ ಕೊಟ್ಟ ಜಾಮೀನಲ್ಲ ಅದು. ಪೊಲೀಸರು 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದಕ್ಕೆ ಸಿಕ್ಕ ಜಾಮೀನು. ಯುಎಪಿಎಯ 43ಡಿ ಕಲಂ ಪ್ರಕಾರ ಸರ್ಕಾರಿ ವಕೀಲರು ಕೇಳಿಕೊಂಡರೆ ಕೋರ್ಟ್ ಈ ಗಡುವನ್ನು 180 ದಿನಕ್ಕೆ ಏರಿಸಬಹುದು. ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಜಾಮೀನು ಕೊಡುವ ಹಾಗೇ ಇಲ್ಲ. ಮೇಲ್ನೋಟಕ್ಕೆ ಕಾಣೋದು ಪೊಲೀಸರು ಬರೆದ ಕಾಗದ ಮಾತ್ರ ತಾನೆ? ಕೇಸು ವರ್ಷಗಟ್ಟಲೆ ಎಳೆದರೆ ಈ ನಿರ್ಬಂಧವಿದ್ದರೂ ಜಾಮೀನು ಕೊಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರಲ್ಲಿ, ಕೆ.ಎ. ನಜೀಬ್ ಪ್ರಕರಣದಲ್ಲಿ.

ಅದೇ 2021ರ ಅಕ್ಟೋಬರ್ 21ರಂದು ದಕ್ಷಿಣ ಕನ್ನಡದ ಸೆಷನ್ಸ್ ನ್ಯಾಯಾಲಯ ಅಪ್ಪ-ಮಗ ಇಬ್ಬರನ್ನೂ ಖುಲಾಸೆ ಮಾಡಿತು. ಭಗತ್ ಸಿಂಗ್ ಪುಸ್ತಕ ಇಟ್ಟುಕೊಳ್ಳೋದು ಕಾನೂನಿನಲ್ಲಿ ಅಪರಾಧ ಅಲ್ಲ, ಪತ್ರಿಕೆ ಓದೋದೂ ಅಲ್ಲ, ಆ ಪತ್ರದಲ್ಲಿದ್ದದ್ದು ಸ್ಥಳೀಯರ ಬೇಡಿಕೆ ಅಂತ ತೀರ್ಪು ಹೇಳಿತು. ಇಷ್ಟು ಹೇಳೋಕೆ ಒಂಬತ್ತೂವರೆ ವರ್ಷ ಬೇಕಾಯ್ತು. ಆ ಹೊತ್ತಿಗೆ ವಿಠಲ ‘ಪ್ರಜಾವಾಣಿ’ಯಲ್ಲಿ ಪತ್ರಕರ್ತರಾಗಿದ್ದರು.

ಸಿನಿಮಾದ ಹೆಸರು ಸಂವಿಧಾನದ ಮೂರು ವಿಧಿಗಳು. ಇಂಜಿನಿಯರಿಂಗ್‌ನಲ್ಲಿ ನಮಗೂ ಸಂವಿಧಾನದ ಒಂದು ಪೇಪರ್ ಇತ್ತು, ಪಾಸಾಗಿ ಮರೆತೆವು. 19ನೇ ವಿಧಿ ಮಾತು, ಸಭೆ, ಸಂಘಟನೆ, ಓಡಾಟದ ಸ್ವಾತಂತ್ರ್ಯ. 20ನೇ ವಿಧಿ ಆರೋಪಿಗೆ ರಕ್ಷಣೆ: ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಇಲ್ಲ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಇಲ್ಲ, ಮಾಡಿದಾಗ ಅಪರಾಧ ಅಲ್ಲದ ಕೆಲಸಕ್ಕೆ ಆಮೇಲೆ ಕಾನೂನು ತಂದು ಶಿಕ್ಷಿಸುವಂತಿಲ್ಲ. 21 ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು. 1978ರ 44ನೇ ತಿದ್ದುಪಡಿಯ ನಂತರ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನ್ನು ಅಮಾನತು ಮಾಡೋಕೆ ಆಗಲ್ಲ. ಕುತ್ಲೂರಿನಲ್ಲಿ ತುರ್ತು ಪರಿಸ್ಥಿತಿಯೇನೂ ಇರಲಿಲ್ಲ.

ಇದು ಒಬ್ಬರ ಕತೆ ಅನ್ನೋರಿಗೆ ಕೇಂದ್ರ ಗೃಹ ಇಲಾಖೆಯೇ ರಾಜ್ಯಸಭೆಗೆ ಕೊಟ್ಟ ಲೆಕ್ಕ ಇದೆ: 2016ರಿಂದ 2019ರವರೆಗೆ ಯುಎಪಿಎ ಅಡಿ ಬಂಧನವಾದವರು 5,922, ಶಿಕ್ಷೆಯಾದವರು 132. ಅದೇ ಅವಧಿಯಲ್ಲಿ ಬಂಧನವಾದವರ ಎಷ್ಟೋ ಕೇಸುಗಳು ಇನ್ನೂ ನಡೀತಿದ್ದವು ನಿಜ. ಆದರೆ ಕೇಸು ಮುಗಿಯದೆ ಉಳಿಯೋದೇ ಇಲ್ಲಿನ ತಕರಾರು.

ಸಿನಿಮಾ ಖುಲಾಸೆಗೆ ಮುಗಿಯುತ್ತೆ. ಕಾನೂನು ಕೂಡ ಅಲ್ಲಿಗೇ ಮುಗಿಯುತ್ತೆ ಅನ್ನೋದು ನನ್ನ ತಕರಾರು. ಹೋದ ವರ್ಷಗಳಿಗೆ ಯಾರು ಲೆಕ್ಕ ಕೊಡಬೇಕು? ಕೇಂದ್ರ ಕಾನೂನು ಆಯೋಗ 2018ರ ಆಗಸ್ಟ್‌ನಲ್ಲಿ ತನ್ನ 277ನೇ ವರದಿಯನ್ನು ಪೂರ್ತಿ ಈ ಪ್ರಶ್ನೆಗೇ ಮೀಸಲಿಟ್ಟಿತು. ದುರುದ್ದೇಶದಿಂದ ಸುಳ್ಳು ಕೇಸು ಹಾಕಿ ಸಿಲುಕಿಸಿದ್ದರೆ ಪರಿಹಾರ ಕೊಡಲು ವಿಶೇಷ ನ್ಯಾಯಾಲಯ ಬೇಕು, ಪರಿಹಾರ ಕೊಡೋದು ಸರ್ಕಾರದ ಶಾಸನಬದ್ಧ ಹೊಣೆ ಆಗಬೇಕು ಎಂದು ಶಿಫಾರಸು ಮಾಡಿ, ಕರಡು ಮಸೂದೆಯನ್ನೂ ಬರೆದುಕೊಟ್ಟಿತು. 2024ರ ಜುಲೈ 1ರಂದು ದೇಶದ ಮುಖ್ಯ ಕ್ರಿಮಿನಲ್ ಕಾನೂನುಗಳು ಹೊಸದಾಗಿ ಬಂದವು. ಆ ಅಧ್ಯಾಯ ಮಾತ್ರ ಅವುಗಳಲ್ಲಿ ಬರಲಿಲ್ಲ.

ಹೀಗಾಗಿ ಪರಿಹಾರ ಈಗಲೂ ಆಯಾ ಕೋರ್ಟಿನ ಮರ್ಜಿ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ನ್ಯಾಯಾಲಯದ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಅವಳನ್ನು ಕೊಂದ ಆರೋಪದಲ್ಲಿ ಕೊಡಗಿನ ಅವಳ ಗಂಡ ಅದಾಗಲೇ ಜೈಲು ಕಂಡು ಬಂದಿದ್ದ. ಪೊಲೀಸರು ಸಿಕ್ಕ ಯಾವುದೋ ಅಸ್ಥಿಪಂಜರವನ್ನೇ ಅವಳದು ಅಂದಿದ್ದರು. ಕೋರ್ಟ್ ಅವನನ್ನು ಗೌರವದಿಂದ ಬಿಡುಗಡೆ ಮಾಡಿ, ಸರ್ಕಾರ ಅವನಿಗೆ 1 ಲಕ್ಷ ರೂಪಾಯಿ ಕೊಡಬೇಕು ಅಂತ ಹೇಳಿತು. ಅಷ್ಟು ಸಾಲದು ಅಂತ ಅವನು ಹೈಕೋರ್ಟಿಗೆ ಹೋಗಿ ಕೇಳಿದ್ದು 5 ಕೋಟಿ.